ತಲೆ ಮೇಲೆ ಹೊತ್ತು ದಾಟಿಸಿದ ಡಾಕ್ಟರು

ಇಲ್ಲಿ ಬರೆದು ತುಂಬಾ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಇದ್ದ ವಿಷಯ ಹೇಳಿಕೊಳ್ಳೋಕೆ ನಾಚಿಕೆ ಆಗ್ತಾ ಇತ್ತು. ಈಗ ಇತಿಹಾಸದ ಕಥೆಯೊಂದು ಸಿಕ್ಕಿದೆ, ಅದರ ನೆಪದಲ್ಲಿ ಇದನ್ನೂ ಹೇಳಿ ಹಗುರಾಗ್ತೀನಿ.

ಎರಡು ತಿಂಗಳ ಹಿಂದಿನ ಮಾತು. ತಿಪಟೂರಿನಿಂದ ಬಂದಿದ್ದ ಅಪ್ಪ ನಮ್ಮ ಬೆಂಗಳೂರಿನ ಬಾಡಿಗೆ ಮನೆಯ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಊದಿಕೊಂಡು ನೋಡೋಕಾಗದ ಹಾಗಾಗಿತ್ತು. ರಾತ್ರಿ ಒಂಬತ್ತೂವರೆ. ಅಮ್ಮನನ್ನೂ ಕರಕೊಂಡು ಆಟೋ ಹಿಡಿದು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದೆವು. ನರ್ಸ್ ಒಬ್ಬರು ಬಂದು ಕೈ ನೋಡಿ, ಬೆರಳು ಆಡಿಸಲು ಹೇಳಿ, ಬಿಪಿ ನೋಡಿ, ಬಟ್ಟೆಯಲ್ಲಿ ಕೈಯನ್ನು ಕುತ್ತಿಗೆಗೆ ಇಳಿಬಿಟ್ಟು, ಒಂದು ಹಸಿರು ಪಟ್ಟಿ ಕಟ್ಟಿ "ಕೂತ್ಕೊಳ್ಳಿ, ಡಾಕ್ಟರ್ ಬರ್ತಾರೆ" ಅಂದರು. ಕೂತೆವು.

ಇಪ್ಪತ್ತು ನಿಮಿಷದ ನಂತರ ಒಬ್ಬರು ಬಂದರು. ಐವತ್ತರ ಆಸುಪಾಸು, ಖಾಕಿ ಅಂಗಿ, ಜೊತೆಯಲ್ಲಿ ಹೆಂಡತಿ. ತಮ್ಮ ಕಾಲ ಮೇಲೆ ತಾವೇ ನಡೆದು ಬಂದರು. "ಎದೆ ಯಾಕೋ ಹಿಡ್ದಂಗೆ ಆಗ್ತೈತೆ ಸಿಸ್ಟರ್" ಅಂದಿದ್ದಷ್ಟೇ. ನರ್ಸ್ ಅವರ ಮುಖ ನೋಡಿದವರೇ ಸೀದಾ ಒಳಗೆ ಕರಕೊಂಡು ಹೋದರು. ನಮ್ಮ ಕಡೆಗೇ ಬರ್ತಾ ಇದ್ದ ಹುಡುಗ ಡಾಕ್ಟರು, ನನಗಿಂತ ಒಂದೆರಡು ವರ್ಷ ಚಿಕ್ಕವರೇ ಇರಬೇಕು, ಅರ್ಧ ದಾರಿಯಲ್ಲೇ ತಿರುಗಿ ಆ ಪರದೆಯೊಳಗೆ ಓಡಿದರು. ಆಮೇಲೆ ಒಂದು ಗಂಟೆ ನಮ್ಮ ಹತ್ತಿರ ಯಾರೂ ಸುಳಿಯಲಿಲ್ಲ.

ಅಪ್ಪ ಹಲ್ಲು ಕಚ್ಚಿಕೊಂಡು ಕೂತಿದ್ದರು. ನನಗೆ ತಡೆಯಲಿಲ್ಲ. ಎದ್ದು ಹೋಗಿ ಪರದೆಯ ಮುಂದೆ ನಿಂತು ಕಿರುಚಿದೆ. "ಮೊದಲು ಬಂದಿದ್ದು ನಾವು. ನಡ್ಕೊಂಡು ಬಂದವರನ್ನ ಒಳಗೆ ಮಲಗಿಸ್ತೀರ, ಕೈ ಮುರ್ಕೊಂಡವರು ಹೊರಗೆ ಕಾಯ್ಬೇಕಾ? ನಾವೇನು ದುಡ್ಡು ಕೊಡಲ್ವಾ?" ಇಡೀ ಹಾಲ್ ತಿರುಗಿ ನೋಡಿತು. ಡಾಕ್ಟರು ಪರದೆ ಸರಿಸಿ ಒಂದು ಸಲ ನನ್ನನ್ನು ನೋಡಿ, ಏನೂ ಹೇಳದೆ ಮತ್ತೆ ಒಳಗೆ ಹೋದರು. "ಸುಮ್ನಿರೋ, ಮರ್ಯಾದೆ ತೆಗೀಬೇಡ" ಅಂದರು ಅಪ್ಪ. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ಎದ್ದು ಹೋಗಿ ಆ ಖಾಕಿ ಅಂಗಿಯವರ ಹೆಂಡತಿಯ ಪಕ್ಕ ಕೂತು ನೀರಿನ ಬಾಟಲಿ ಕೊಟ್ಟರು.

ಸ್ವಲ್ಪ ಹೊತ್ತಿಗೆ ಸ್ಟ್ರೆಚರ್ ಹೊರಗೆ ಬಂತು. ದೊಡ್ಡ ಹಾರ್ಟ್ ಅಟ್ಯಾಕ್. ಮೇಲಿನ ಮಹಡಿಯಲ್ಲಿ ರಕ್ತನಾಳ ಬಿಡಿಸೋಕೆ ಎಲ್ಲ ತಯಾರಾಗಿತ್ತು. ಆಯಮ್ಮ ಸ್ಟ್ರೆಚರ್ ಹಿಂದೆ ಎರಡು ಹೆಜ್ಜೆ ಹೋದವರು ವಾಪಸ್ ಬಂದು ಆ ಹುಡುಗ ಡಾಕ್ಟರ ಕಾಲಿಗೆ ಬಗ್ಗಿದರು. ಆತ ಕೆಂಡ ತುಳಿದವರ ಹಾಗೆ ಹಿಂದೆ ಸರಿದು, "ಅಯ್ಯೋ ಬೇಡಮ್ಮಾ, ಏಳಿ ಏಳಿ, ಮೇಲ್ಗಡೆ ಹೋಗಿ ಅವರ ಜೊತೆ" ಅಂದರು. ಆಕೆ ಹೋದ ಮೇಲೆ ಗೋಡೆಗೆ ಒರಗಿ ಒಂದೆರಡು ಕ್ಷಣ ಕಣ್ಣು ಮುಚ್ಚಿ ನಿಂತರು. ಮುಖದಲ್ಲಿ ಸಣ್ಣ ನಗು ಇತ್ತು. ಆಮೇಲೆ ಸೀದಾ ನಮ್ಮ ಹತ್ತಿರ ಬಂದು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಸಾರಿ ಅಂಕಲ್, ತುಂಬಾ ಕಾಯಿಸಿಬಿಟ್ವಿ. ಎಲ್ಲಿ, ಕೈ ತೋರ್ಸಿ."

ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

*

ಹೊಟ್ಟೆಪಾಡಿಗೆ ಕೋಡ್ ಬರೆಯೋನು ನಾನು. ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿನಲ್ಲೇ ಪ್ರಯಾರಿಟಿ ಕ್ಯೂ ಅಂದರೆ ಏನು ಅಂತ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾದವನು. ಮೊದಲು ಬಂದದ್ದನ್ನಲ್ಲ, ಹೆಚ್ಚು ತುರ್ತಾದದ್ದನ್ನು ಮೊದಲು ಎತ್ತಿಕೊಳ್ಳುವ ಸಾಲು ಅದು. ಅದೇ ಸಾಲಿನಲ್ಲಿ ನನ್ನಪ್ಪನನ್ನು ಕೂರಿಸಿದಾಗ ಮಾತ್ರ ರೇಷನ್ ಅಂಗಡಿ ನ್ಯಾಯ ಮಾತಾಡಿದ್ದೆ!

ಆಸ್ಪತ್ರೆಯ ಗೋಡೆಯ ಮೇಲೆ ಕೆಂಪು, ಹಳದಿ, ಹಸಿರು ಪಟ್ಟಿಗಳ ಬೋರ್ಡಿತ್ತು. ಮೇಲೆ 'ಟ್ರಯಾಜ್' ಅಂತ ಬರೆದಿತ್ತು. ಮನೆಗೆ ಬಂದ ಮೇಲೆ ನಿದ್ದೆ ಬರದೆ ಆ ಪದದ ಹಿಂದೆ ಬಿದ್ದೆ. ಮೂಲ ಫ್ರೆಂಚ್. ಆರಿಸು, ವಿಂಗಡಿಸು ಅಂತ ಅರ್ಥ. ಮೊದಲು ಉಣ್ಣೆಯನ್ನು ದರ್ಜೆಯ ಪ್ರಕಾರ ಬೇರೆ ಮಾಡೋದಕ್ಕೆ, ಕಾಫಿ ಬೀಜ ಆರಿಸೋದಕ್ಕೆ ಬಳಸುತ್ತಿದ್ದ ಮಾತು. ಅಮ್ಮ ಮೊರದಲ್ಲಿ ಅವರೆಕಾಳು ಹಸನು ಮಾಡ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಗಾಯಾಳುಗಳ ವಿಷಯದಲ್ಲಿ ಈ ಪದ ಓಡಾಟಕ್ಕೆ ಬಂದದ್ದು ಮೊದಲನೇ ಮಹಾಯುದ್ಧದ ಹೊತ್ತಿಗೆ. ಆದರೆ ಆ ಕೆಲಸವನ್ನು ಅದಕ್ಕಿಂತ ನೂರು ವರ್ಷ ಮೊದಲೇ, ಆ ಹೆಸರಿಟ್ಟುಕೊಳ್ಳದೆ, ಒಬ್ಬ ಮನುಷ್ಯ ಮಾಡಿಕೊಂಡು ಬಂದಿದ್ದ. ಡೊಮಿನಿಕ್ ಜಾನ್ ಲಾರೆ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ.

ನೆಪೋಲಿಯನ್ ಬಗ್ಗೆ ನಾವೆಲ್ಲ ಹೈಸ್ಕೂಲಿನಲ್ಲಿ ಓದಿದವರೇ. ಗೆದ್ದ ಯುದ್ಧ, ಸೋತ ಯುದ್ಧ, ಇಸವಿಗಳು. ಅವನ ಹಿಂದೆ ಗಾಯಾಳುಗಳನ್ನು ಬಾಚಿಕೊಳ್ಳುತ್ತಾ ಹೋದವನ ಬಗ್ಗೆ ನನಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಲಾರೆ ಹುಟ್ಟಿದ್ದು 1766ರಲ್ಲಿ, ಪಿರನೀಸ್ ಬೆಟ್ಟಗಳ ಬುಡದ ಬೊಡಿಯಾಂ ಅನ್ನೋ ಸಣ್ಣ ಹಳ್ಳಿಯಲ್ಲಿ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದವರು. ಹದಿಮೂರನೇ ವಯಸ್ಸಿಗೆ ತಬ್ಬಲಿ. ತುಲೂಸ್ ಊರಿನಲ್ಲಿ ಶಸ್ತ್ರವೈದ್ಯನಾಗಿದ್ದ ಚಿಕ್ಕಪ್ಪ ಸಾಕಿ, ತನ್ನ ವಿದ್ಯೆಯನ್ನೇ ಕಲಿಸಿದ. ಆಮೇಲೆ ಪ್ಯಾರಿಸ್ಸಿಗೆ ಹೋದ. ಸ್ವಲ್ಪ ಕಾಲ ನೌಕಾಪಡೆಯ ಹಡಗಿನಲ್ಲಿ ವೈದ್ಯನಾಗಿ ನ್ಯೂಫೌಂಡ್‌ಲ್ಯಾಂಡ್ ತನಕ ಹೋಗಿ ಬಂದ. ವಾಪಸ್ ಬರುವಷ್ಟರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯ ಕಾವು. 1792ರಲ್ಲಿ ಯುದ್ಧ ಶುರುವಾಯಿತು. ಇಪ್ಪತ್ತಾರರ ಹುಡುಗ ರೈನ್ ನದಿಯ ಕಡೆಯ ಸೈನ್ಯಕ್ಕೆ ಶಸ್ತ್ರವೈದ್ಯನಾಗಿ ಸೇರಿದ. (ಇಪ್ಪತ್ತಾರು! ನಾನು ಆ ವಯಸ್ಸಿನಲ್ಲಿ ಅಪ್ರೈಸಲ್ ಸರಿಯಾಗಿ ಆಗಲಿಲ್ಲ ಅಂತ ಮುಖ ಊದಿಸಿಕೊಂಡಿದ್ದೆ :-) )

ಅಲ್ಲಿ ಅವನು ಕಂಡದ್ದೇನು ಗೊತ್ತಾ? ನಿಯಮದ ಪ್ರಕಾರ ಸೈನ್ಯದ ಆಸ್ಪತ್ರೆ, ವೈದ್ಯರು, ಗಾಡಿಗಳು ಎಲ್ಲವೂ ಯುದ್ಧಭೂಮಿಯಿಂದ ಒಂದು ಲೀಗ್ ಅಂದರೆ ನಾಲ್ಕೈದು ಕಿಲೋಮೀಟರ್ ಹಿಂದೆ ಇರಬೇಕು. ಯುದ್ಧ ಮುಗಿದ ಮೇಲೆ ಹೋಗಿ ಗಾಯಾಳುಗಳನ್ನು ಆರಿಸಿ ತರಬೇಕು. ಅಷ್ಟರಲ್ಲಿ ಒಂದು ದಿನ, ಒಂದೂವರೆ ದಿನ ಕಳೆದಿರುತ್ತಿತ್ತು. ದೊಡ್ಡ ಅಧಿಕಾರಿಗಳಾದರೆ ಜೊತೆಯವರು ಹೊತ್ತು ತರುತ್ತಿದ್ದರು. ಸಾಮಾನ್ಯ ಸಿಪಾಯಿ ಬಿದ್ದಲ್ಲೇ ರಕ್ತ ಹರಿಸಿಕೊಂಡು ಬಿದ್ದಿರಬೇಕು. ಎಷ್ಟೋ ಜನ ಗಾಯ ದೊಡ್ಡದು ಅಂತ ಸಾಯುತ್ತಿರಲಿಲ್ಲ, ಯಾರೂ ಬರಲಿಲ್ಲ ಅಂತ ಸಾಯುತ್ತಿದ್ದರು.

ಆ ಸೈನ್ಯದಲ್ಲಿ ಕುದುರೆ ಎಳೆಯುವ ಹಗುರ ಫಿರಂಗಿಗಳ ಒಂದು ಪಡೆ ಇತ್ತು. 'ಹಾರುವ ಫಿರಂಗಿ' ಅಂತಲೇ ಕರೆಯುತ್ತಿದ್ದರು, ಅಷ್ಟು ವೇಗ. ಲಾರೆ ಅದನ್ನು ನೋಡಿ ಸೀದಾ ಪ್ರಶ್ನೆ ಹಾಕಿಕೊಂಡ. ಕೊಲ್ಲೋ ಸಾಮಾನು ಅಷ್ಟು ಬೇಗ ಎಲ್ಲಿಗೆ ಬೇಕಾದರೂ ಓಡುತ್ತದೆ ಅಂದಮೇಲೆ ಬದುಕಿಸೋ ಸಾಮಾನು ಯಾಕೆ ಓಡಬಾರದು? ಮೇಲಿನವರ ಅನುಮತಿ ಪಡೆದು 'ಹಾರುವ ಆಂಬ್ಯುಲೆನ್ಸ್' ಕಟ್ಟಿದ. ಎರಡು ಚಕ್ರದ ಹಗುರ ಗಾಡಿಗೆ ಎರಡು ಕುದುರೆ, ಅದರೊಳಗೆ ಇಬ್ಬರು ಮಲಗಬಹುದು. ನಾಲ್ಕು ಚಕ್ರದ್ದಕ್ಕೆ ನಾಲ್ಕು ಕುದುರೆ, ಅದರಲ್ಲಿ ನಾಲ್ವರು. ಕುಲುಕಾಟ ಕಡಿಮೆಯಾಗಲು ಸ್ಪ್ರಿಂಗು, ಮಲಗಲು ಹಾಸಿಗೆ, ಗಾಳಿಗೆ ಕಿಟಕಿ. ಗಾಡಿಯ ಜೊತೆಗೆ ಕುದುರೆ ಏರಿದ ವೈದ್ಯರು, ಬ್ಯಾಂಡೇಜು, ಉಪಕರಣ. ಗುಂಡು ಹಾರುತ್ತಿರುವಾಗಲೇ ಒಳಗೆ ನುಗ್ಗಿ, ಬಿದ್ದವನಿಗೆ ಅಲ್ಲೇ ಕಟ್ಟು ಕಟ್ಟಿ, ಎತ್ತಿಕೊಂಡು ಬರೋದು. 1797ರಲ್ಲಿ ಇಟಲಿಯಲ್ಲಿ ಇದನ್ನು ಸುಮಾರು 340 ಜನರ ಒಂದು ಪೂರ್ತಿ ದಳವಾಗಿ ಕಟ್ಟಿದ. ಮುಂದಿನ ವರ್ಷ ಈಜಿಪ್ಟಿಗೆ ಹೋದಾಗ ಮರಳಿನಲ್ಲಿ ಚಕ್ರ ಓಡಲಿಲ್ಲ. ಒಂಟೆಯ ಎರಡೂ ಪಕ್ಕಕ್ಕೆ ಒಂದೊಂದು ಉದ್ದನೆಯ ಪೆಟ್ಟಿಗೆ ತೂಗುಹಾಕಿ ಅದರಲ್ಲಿ ಮಲಗಿಸಿಕೊಂಡು ಬಂದ!

ಇವತ್ತು ರಸ್ತೆಯಲ್ಲಿ ಸೈರನ್ ಹಾಕಿಕೊಂಡು ಹೋಗೋ ಪ್ರತಿ ಆಂಬ್ಯುಲೆನ್ಸಿನ ಮುತ್ತಜ್ಜ ಈ ಗಾಡಿ. ನಮ್ಮಲ್ಲಿ 108 ಸೇವೆ 2005ರಲ್ಲಿ ಹೈದರಾಬಾದಿನಲ್ಲಿ ಶುರುವಾಯಿತು. ಕರ್ನಾಟಕಕ್ಕೆ 'ಆರೋಗ್ಯ ಕವಚ' ಅನ್ನೋ ಹೆಸರಿನಲ್ಲಿ 2008ರ ನವೆಂಬರಿನಲ್ಲಿ ಬಂತು. ಅಂದರೆ ಲಾರೆಯ ಯೋಚನೆ ನಮ್ಮೂರ ರಸ್ತೆಗೆ ತಲುಪೋಕೆ ಇನ್ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

*

ಗಾಡಿ ಬಂತು. ಆದರೆ ಗಾಡಿ ಬಂದ ಮೇಲೆ ಇನ್ನೊಂದು ಕಷ್ಟ. ಇಪ್ಪತ್ತು ಜನ ಬಿದ್ದಿದ್ದಾರೆ, ವೈದ್ಯ ಒಬ್ಬನೇ. ಯಾರನ್ನು ಮೊದಲು ಮುಟ್ಟೋದು?

ಅಂದಿನ ಕಾಲಕ್ಕೆ ಉತ್ತರ ಸುಲಭ. ಜನರಲ್ಲು ಮೊದಲು, ಕರ್ನಲ್ಲು ಆಮೇಲೆ, ಸಿಪಾಯಿ ಕೊನೆಗೆ. ಶತ್ರು ಅಂತೂ ಲೆಕ್ಕಕ್ಕೇ ಇಲ್ಲ. ಲಾರೆ ಈ ಸಾಲನ್ನು ಮುರಿದ. ಯಾರ ಜೀವ ಹೆಚ್ಚು ಅಪಾಯದಲ್ಲಿದೆಯೋ ಅವನು ಮೊದಲು. ಅವನ ಪದವಿ ಕೇಳಬೇಡಿ, ಯಾವ ದೇಶದವನು ಅಂತಲೂ ಕೇಳಬೇಡಿ. ಕಡಿಮೆ ಗಾಯ ಆದವರು, ಅಧಿಕಾರಿಗಳೇ ಆಗಿರಲಿ, ಕಾಯಬೇಕು. ಇದನ್ನು ಅವನು ಬರೀ ಮಾಡಿಕೊಂಡು ಬರಲಿಲ್ಲ, ತನ್ನ ನೆನಪಿನ ಪುಸ್ತಕಗಳಲ್ಲಿ ನಿಯಮವಾಗಿ ಬರೆದೂ ಇಟ್ಟ.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹಸಿರು ಪಟ್ಟಿ. ಆವತ್ತು ರಾತ್ರಿ ನಾನು ಯಾರ ಥರ ಮಾತಾಡಿದ್ದೆ ಅಂತ ಯೋಚಿಸಿದೆ. ಸಣ್ಣ ಗಾಯ ಮಾಡಿಕೊಂಡು "ನಾನು ಯಾರು ಗೊತ್ತಾ" ಅನ್ನೋ ಕರ್ನಲ್ ಥರ!

ಲಾರೆಯ ಕೆಲಸ ಎಂಥದ್ದು ಅನ್ನೋದಕ್ಕೆ ಆ ಕಾಲವನ್ನು ನೆನಪಿಟ್ಟುಕೊಳ್ಳಬೇಕು. ಅರಿವಳಿಕೆ ಇಲ್ಲ. ಈಥರ್ ಕೊಟ್ಟು ಜನರೆದುರಿಗೆ ಆಪರೇಷನ್ ಮಾಡಿ ತೋರಿಸಿದ್ದು 1846ರಲ್ಲಿ, ಆಗ ಲಾರೆ ಸತ್ತು ನಾಲ್ಕು ವರ್ಷವಾಗಿತ್ತು. ಗಾಯ ಕೀವಾಗೋದು ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಮೂಳೆ ಪುಡಿಯಾದ ಕಾಲನ್ನು ಮೊದಲ 24 ಗಂಟೆಯೊಳಗೆ ಕತ್ತರಿಸಿದರೆ ಮನುಷ್ಯ ಉಳಿಯುವ ಸಾಧ್ಯತೆ ಹೆಚ್ಚು, ಕಾದಷ್ಟೂ ಕಡಿಮೆ ಅನ್ನೋದು ಅವನು ಕಂಡುಕೊಂಡ ಸತ್ಯ. ಹಾಗಾಗಿ ಎಲ್ಲವೂ ವೇಗದ ಮೇಲೆ ನಿಂತಿತ್ತು. 1812ರ ಸೆಪ್ಟೆಂಬರ್ 7ರಂದು ಮಾಸ್ಕೋ ಹತ್ತಿರದ ಬೊರೊಡಿನೊ ಯುದ್ಧದಲ್ಲಿ 24 ಗಂಟೆಯಲ್ಲಿ ಸುಮಾರು 200 ಕೈಕಾಲು ಕತ್ತರಿಸಿದ ಅಂತ ಲೆಕ್ಕ ಇದೆ. ಏಳು ನಿಮಿಷಕ್ಕೊಂದು. ಓದುವಾಗ ಹೊಟ್ಟೆ ತೊಳೆಸುತ್ತೆ. ಆದರೆ ಆ ಏಳು ನಿಮಿಷ ಸಿಗದೇ ಇದ್ದವರ ಗತಿ ಅದಕ್ಕಿಂತ ಘೋರ.

ಎಲ್ಲರೂ ಉಳಿಯಲಿಲ್ಲ. 1809ರ ಮೇ ತಿಂಗಳಲ್ಲಿ ವಿಯೆನ್ನಾ ಬಳಿ ಮಾರ್ಷಲ್ ಲಾನ್ ಅನ್ನೋ ನೆಪೋಲಿಯನ್ನನ ಪ್ರಾಣಸ್ನೇಹಿತನ ಕಾಲನ್ನು ಲಾರೆಯೇ ಕತ್ತರಿಸಿದ. ಕೆಲವೇ ದಿನಕ್ಕೆ ಲಾನ್ ತೀರಿಕೊಂಡ. ಅದೇ ಯುದ್ಧದಲ್ಲಿ ಸಾವಿರಾರು ಗಾಯಾಳುಗಳು ಡ್ಯಾನ್ಯೂಬ್ ನದಿಯ ಲೊಬಾವ್ ದ್ವೀಪದಲ್ಲಿ ಸಿಕ್ಕಿಕೊಂಡರು. ಊಟ ಇಲ್ಲ. ಲಾರೆ ಕುದುರೆಗಳನ್ನು ಕಡಿಸಿದ. ಪಾತ್ರೆ ಇಲ್ಲ ಅಂತ ಕುದುರೆ ಸವಾರರ ಎದೆಗವಚವನ್ನೇ ಮಗುಚಿಟ್ಟು ಅದರಲ್ಲಿ ಸಾರು ಕುದಿಸಿದ. ಉಪ್ಪಿಲ್ಲ ಅಂತ ಮದ್ದಿನ ಪುಡಿ ಉದುರಿಸಿದ. ಮೊದಲ ಪಾಲು ಗಾಯಾಳುಗಳಿಗೆ. ಸಿಪಾಯಿಗಳು ಇಂಥದ್ದನ್ನೆಲ್ಲ ಮರೆಯೋದಿಲ್ಲ.

ಮರೆತಿರಲಿಲ್ಲ ಅನ್ನೋದು ಮೂರು ವರ್ಷದ ಮೇಲೆ ಗೊತ್ತಾಯಿತು.

*

1812ರ ನವೆಂಬರ್. ರಷ್ಯಾಕ್ಕೆ ಹೋದ ಆ ಮಹಾಸೈನ್ಯ ಮಾಸ್ಕೋದಿಂದ ಹಿಂದಿರುಗುತ್ತಿದೆ. ಸೈನ್ಯ ಅನ್ನೋದಕ್ಕಿಂತ ಹಸಿದ, ಚಿಂದಿ ಉಟ್ಟ ಜನರ ಸಾಲು. ಲಾರೆ ತನ್ನ ಕೋಟಿನ ಗುಂಡಿಗೆ ಒಂದು ಥರ್ಮಾಮೀಟರ್ ತೂಗುಹಾಕಿಕೊಂಡು ಚಳಿಯ ಲೆಕ್ಕ ಬರೆದುಕೊಳ್ಳುತ್ತಾ ನಡೆಯುತ್ತಿದ್ದ.

ಬೆರೆಝಿನಾ ಅಂತ ಒಂದು ನದಿ, ಇವತ್ತಿನ ಬೆಲಾರುಸ್ ದೇಶದಲ್ಲಿದೆ. ಅದರ ಮೇಲೆ ನೆಪೋಲಿಯನ್ನನ ಸೇತುವೆ ಕಟ್ಟುವ ಪಡೆಯವರು ಹಿಮದಂಥ ನೀರಿನಲ್ಲಿ ಎದೆಮಟ್ಟ ನಿಂತು ಮರದ ಎರಡು ಸೇತುವೆ ಕಟ್ಟಿದರು. ನವೆಂಬರ್ 26ರಿಂದ ದಾಟೋದು ಶುರು. ಹಿಂದಿನಿಂದ ರಷ್ಯನ್ನರ ಫಿರಂಗಿ. ಕಿರಿದಾದ ಸೇತುವೆಯ ಮೇಲೆ ಸಾವಿರಾರು ಜನ ಒಟ್ಟಿಗೆ ನುಗ್ಗಿದರು. ಬಿದ್ದವರನ್ನು ತುಳಿದುಕೊಂಡೇ ಹೋದರು. ಗಾಡಿಗಳು ನೀರಿಗೆ ಉರುಳಿದವು. ತಮ್ಮ ಜೀವ ಬಿಟ್ಟರೆ ಇನ್ನೊಂದು ಜೀವ ಯಾರಿಗೂ ಕಾಣದ ಜಾಗ ಅದು.

ಲಾರೆ ಆಗಲೇ ಸೇತುವೆ ದಾಟಿ ಆ ಕಡೆ ಸುರಕ್ಷಿತವಾಗಿದ್ದ. ಆದರೆ ಶಸ್ತ್ರಚಿಕಿತ್ಸೆಯ ಪೆಟ್ಟಿಗೆಗಳು ಈ ಕಡೆಯೇ ಉಳಿದಿದ್ದವು. ಅವಿಲ್ಲದೆ ಗಾಯಾಳುಗಳಿಗೆ ಏನು ಮಾಡೋದು ಅಂತ ವಾಪಸ್ ಬಂದ. ಬಂದವನು ಆ ಜನರ ಮಧ್ಯೆ ಸಿಕ್ಕಿಹಾಕಿಕೊಂಡ. ಉಸಿರಾಡಲೂ ಜಾಗವಿಲ್ಲ. ಇನ್ನೇನು ಕಾಲ ಕೆಳಗೆ ಬೀಳಬೇಕು, ಅಷ್ಟರಲ್ಲಿ ಯಾರೋ ಅವನ ಗುರುತು ಹಿಡಿದರು. ಲಾರೆ, ಲಾರೆ ಅಂತ ಹೆಸರು ಬಾಯಿಂದ ಬಾಯಿಗೆ ಹರಡಿತು. ಒಬ್ಬರನ್ನೊಬ್ಬರು ತಳ್ಳುತ್ತಿದ್ದ ಅದೇ ಕೈಗಳು ಅವನನ್ನು ಎತ್ತಿ ಹಿಡಿದವು. ಕೈಯಿಂದ ಕೈಗೆ, ತಲೆಗಳ ಮೇಲಿಂದಲೇ ಸಾಗಿಸಿ ಸೇತುವೆ ದಾಟಿಸಿಬಿಟ್ಟರು. ನವೆಂಬರ್ 29ರಂದು ಆ ಸೇತುವೆಗಳಿಗೆ ಬೆಂಕಿ ಹಚ್ಚಲಾಯಿತು. ದಾಟಿಸಿದ ಕೈಗಳಲ್ಲಿ ಎಷ್ಟು ಕೈ ಈಚೆ ದಡ ಸೇರಿದವೋ..

ಜೀವ ಉಳಿದದ್ದು ಸಿಪಾಯಿಗಳಿಂದ ಅಂತ ಲಾರೆ ಹೆಂಡತಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ.

ಈ ಜಾಗದಲ್ಲಿ ನಾನು ಓದೋದು ನಿಲ್ಲಿಸಿ ಸುಮ್ಮನೆ ಕೂತಿದ್ದೆ. ಅವನನ್ನು ಎತ್ತಿದವರೆಲ್ಲ ಅವನ ಹಳೇ ರೋಗಿಗಳಾ? ಇರಲಿಕ್ಕಿಲ್ಲ. ಅವನ ಕೈಯಲ್ಲಿ ಕಾಲು ಕಳಕೊಂಡವರು ಮಾಸ್ಕೋ ತನಕ ನಡೆದು ಬಂದಿರೋದಿಲ್ಲವಲ್ಲ. ಹೆಚ್ಚಿನವರು ಅವನಿಂದ ಒಂದು ಬ್ಯಾಂಡೇಜೂ ಕಟ್ಟಿಸಿಕೊಳ್ಳದವರೇ ಇರಬೇಕು. ಆದರೂ ಪ್ರತಿಯೊಬ್ಬನಿಗೂ ಒಂದು ವಿಷಯ ಗೊತ್ತಿತ್ತು. ನಾಳೆ ನಾನು ಬಿದ್ದರೆ ಈ ಮನುಷ್ಯ ಬರ್ತಾನೆ. ನಾನು ಕರ್ನಲ್ ಅಲ್ಲ ಅಂತ ನೋಡೋದಿಲ್ಲ. ಆ ನಂಬಿಕೆಗೆ ಸಂದ ಋಣ ಅದು ಅಂತ ನನಗನ್ನಿಸುತ್ತೆ.

*

ಮುಂದಿನ ವರ್ಷದ ಇನ್ನೊಂದು ಸಂಗತಿ ನಮ್ಮ ಸಾಫ್ಟ್‌ವೇರ್ ಮಂದಿಗೆ ಇಷ್ಟವಾಗುವಂಥದ್ದು. 1813ರ ಮೇ ತಿಂಗಳ ಯುದ್ಧಗಳಲ್ಲಿ ಕೈಗೆ, ಬೆರಳಿಗೆ ಗುಂಡು ಬಿದ್ದ ಹೊಸ ಸಿಪಾಯಿಗಳು ವಿಪರೀತ ಜಾಸ್ತಿಯಾದರು. ಇವರೆಲ್ಲ ಯುದ್ಧ ತಪ್ಪಿಸಿಕೊಳ್ಳೋಕೆ ತಾವೇ ಗುಂಡು ಹೊಡಕೊಂಡಿದ್ದಾರೆ ಅಂತ ಮೇಲಿನವರ ತೀರ್ಮಾನ. ಕೆಲವರಿಗೆ ಮರಣದಂಡನೆ ಕೊಟ್ಟು ಉಳಿದವರಿಗೆ ಪಾಠ ಕಲಿಸುವ ಯೋಚನೆಯೂ ಇತ್ತು. ಲಾರೆ ಒಪ್ಪಲಿಲ್ಲ. ಪರೀಕ್ಷೆ ಮಾಡದೆ ಹೇಗೆ ಹೇಳ್ತೀರಿ ಅಂದ. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಒಬ್ಬೊಬ್ಬರಾಗಿ ತಪಾಸಣೆ ಮಾಡಿದರು. ಕೊನೆಗೆ ಗೊತ್ತಾಗಿದ್ದೇನೆಂದರೆ, ಸಾಲಾಗಿ ಒಬ್ಬರ ಹಿಂದೊಬ್ಬರು ನಿಂತು ಗುಂಡು ಹಾರಿಸುವಾಗ ತರಬೇತಿ ಇಲ್ಲದ ಹಿಂದಿನ ಸಾಲಿನ ಹುಡುಗರು ಮುಂದಿನವರ ಕೈಗೇ ಹೊಡೆದುಬಿಡುತ್ತಿದ್ದರು! ಬಗ್ ಇದ್ದದ್ದು ಸಿಪಾಯಿಯ ಮನಸ್ಸಿನಲ್ಲಲ್ಲ, ಕವಾಯತಿನಲ್ಲಿ. ಚಕ್ರವರ್ತಿಗೆ ಬೇಡವಾದ ಉತ್ತರವನ್ನು ಲಾರೆ ಬರೆದು ಕೊಟ್ಟ. ನೆಪೋಲಿಯನ್ ಸಿಟ್ಟಾಗಲಿಲ್ಲ, ಬದಲಿಗೆ ಅವನನ್ನು ಗೌರವಿಸಿದ. ತಮ್ಮ ಜೀವ ಎಷ್ಟು ಹತ್ತಿರದಿಂದ ತಪ್ಪಿತು ಅಂತ ಆ ಹುಡುಗರಲ್ಲಿ ಎಷ್ಟೋ ಜನಕ್ಕೆ ಗೊತ್ತೂ ಆಗಿರಲಿಕ್ಕಿಲ್ಲ.

ಅದೇ 1813ರಲ್ಲಿ ಪ್ರಷ್ಯಾದ ಒಬ್ಬ ಅಧಿಕಾರಿ ಗಾಯಗೊಂಡು ಫ್ರೆಂಚರ ಕೈಗೆ ಸೆರೆ ಸಿಕ್ಕಿದ್ದ. ಶತ್ರುವಾದರೂ ಲಾರೆ ನೋಡಿಕೊಂಡ, ಆತ ಬದುಕಿದ. ಇದನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

1815ರ ಜೂನ್ 18, ವಾಟರ್ಲೂ. ನೆಪೋಲಿಯನ್ನನ ಕಥೆ ಮುಗಿದ ದಿನ. ಗುಂಡಿನ ಮಳೆಯಲ್ಲಿ ಗಾಯಾಳುಗಳನ್ನು ಎತ್ತುತ್ತಿದ್ದ ಲಾರೆಯನ್ನು ದೂರದಿಂದ ನೋಡಿದ ವೆಲ್ಲಿಂಗ್ಟನ್, ಆ ಕಡೆ ಗುಂಡು ಹಾರಿಸಬೇಡಿ ಅಂದು ಟೋಪಿ ಎತ್ತಿ ವಂದಿಸಿದ ಅಂತ ಒಂದು ಕಥೆಯಿದೆ. (ನಮ್ಮ ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿ ಇದ್ದನಲ್ಲ, ಅದೇ ವೆಲ್ಲೆಸ್ಲಿ.) ಕಥೆ ಎಷ್ಟು ನಿಜವೋ, ಹೇಳುವವರಿಗಂತೂ ಪ್ರೀತಿಯ ಕಥೆ.

ನಂತರದ್ದು ಲಾರೆಯೇ ದಾಖಲಿಸಿದ್ದು. ಸೈನ್ಯ ಚದುರಿದ ಮೇಲೆ ಪ್ರಷ್ಯಾದ ಸವಾರರು ಅವನನ್ನು ಕತ್ತಿಯಿಂದ ಹೊಡೆದು ಸೆರೆ ಹಿಡಿದರು. ಗಿಡ್ಡ ಆಳು, ಬೂದು ಕೋಟು. ಮೊದಲು ನೆಪೋಲಿಯನ್ನನೇ ಸಿಕ್ಕಿದ ಅಂದುಕೊಂಡರಂತೆ. ಅಲ್ಲ ಅಂತ ಗೊತ್ತಾದಾಗ ಆ ಸಿಟ್ಟಿಗೆ ಗುಂಡಿಕ್ಕಿ ಕೊಲ್ಲುವ ಆಜ್ಞೆ ಆಯಿತು. ಕಣ್ಣಿಗೆ ಬಟ್ಟೆ ಕಟ್ಟಲು ಬಂದವನು ಪ್ರಷ್ಯಾದ ಒಬ್ಬ ಶಸ್ತ್ರವೈದ್ಯ. ಮುಖ ನೋಡಿದವನೇ ನಿಂತುಬಿಟ್ಟ. ವರ್ಷಗಳ ಹಿಂದೆ ಬರ್ಲಿನ್ನಿನಲ್ಲಿ ಲಾರೆ ಪಾಠ ಹೇಳಿದಾಗ ಎದುರು ಕೂತು ಕೇಳಿದ್ದ ವಿದ್ಯಾರ್ಥಿ ಆತ!

ಕೊಲ್ಲೋದು ನಿಂತಿತು. ಕೊನೆಗೆ ಪ್ರಷ್ಯಾದ ಸೇನಾಧಿಪತಿ ಬ್ಲೂಶರ್ ಮುಂದೆ ತಂದು ನಿಲ್ಲಿಸಿದರು. ಹೋದ ಸಲ ಹೇಳಿದ ಆ ಗಾಯಗೊಂಡ ಅಧಿಕಾರಿ ಇದ್ದನಲ್ಲ, ಅವನು ಇದೇ ಬ್ಲೂಶರನ ಮಗ. ಮುದುಕ ಬ್ಲೂಶರ್ ಲಾರೆಯನ್ನು ಬಿಡುಗಡೆ ಮಾಡಿ, ಊಟ ಹಾಕಿಸಿ, ಖರ್ಚಿಗೆ ಹಣ ಕೊಟ್ಟು, ಕಾವಲು ಕೊಟ್ಟು ಲುವೆನ್ ಊರಿಗೆ ಕಳಿಸಿದ.

ಸಿನಿಮಾದಲ್ಲಿ ಹೀಗೆ ತೋರಿಸಿದ್ದರೆ "ಏನ್ ಗುರೂ ಇದು, ಸ್ವಲ್ಪ ಜಾಸ್ತಿ ಆಯ್ತು" ಅಂತಿದ್ವಿ. ಆದರೆ ಯೋಚಿಸಿದರೆ ಇದು ಬರೀ ಅದೃಷ್ಟ ಅಲ್ಲ. ಶತ್ರುವನ್ನು ಕೊನೆಗೆ ನೋಡೋಣ ಅನ್ನುವ ಹಳೇ ಸಾಲನ್ನೇ ಲಾರೆ ಇಟ್ಟುಕೊಂಡಿದ್ದಿದ್ದರೆ ಆ ಮಗ ಉಳಿಯುತ್ತಿದ್ದನೋ ಇಲ್ಲವೋ. ಬದುಕಿಸುವಾಗ ಲಾರೆಗೆ ವಾಟರ್ಲೂ ಗೊತ್ತಿರಲಿಲ್ಲ. ಎದುರಿಗೆ ಒಂದು ಗಾಯ ಇತ್ತು, ನೋಡಿದ. ಅಷ್ಟೇ.

ನೆಪೋಲಿಯನ್ 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಸಾಯುವ ಮುಂಚೆ ಉಯಿಲು ಬರೆಸಿದ. ಅದರಲ್ಲಿ ಲಾರೆಗೆ ಒಂದು ಲಕ್ಷ ಫ್ರಾಂಕ್. ಜೊತೆಗೆ, ತಾನು ಕಂಡವರಲ್ಲಿ ಇವನಷ್ಟು ಗುಣವಂತ ಇನ್ನೊಬ್ಬನಿಲ್ಲ ಅನ್ನೋ ಅರ್ಥದ ಮಾತು. ಅರ್ಧ ಯುರೋಪನ್ನೇ ಯುದ್ಧಕ್ಕೆ ದೂಡಿದವನ ಬಾಯಿಂದ ಬಂದ ಮಾತು ಅನ್ನೋದನ್ನೂ ಮರೆಯಬಾರದು. ಲಾರೆ ಕಟ್ಟಿದ ಗಾಯಗಳಲ್ಲಿ ಬಹಳಷ್ಟಕ್ಕೆ ಆ ಚಕ್ರವರ್ತಿಯ ಹಠವೇ ಕಾರಣ.

ಲಾರೆ ಎಪ್ಪತ್ತಾರನೇ ವಯಸ್ಸಿನಲ್ಲಿ ಅಲ್ಜೀರಿಯಾಕ್ಕೆ ಹೋಗಿ ಅಲ್ಲಿನ ಸೇನಾ ಆಸ್ಪತ್ರೆಗಳನ್ನು ತಪಾಸಣೆ ಮಾಡಿ ಬರುತ್ತಾ 1842ರ ಜುಲೈ 25ರಂದು ಲಿಯೋನ್ ನಗರದಲ್ಲಿ ತೀರಿಕೊಂಡ. ಹೆಂಡತಿ ಶಾರ್ಲೆಟ್ ಅದಕ್ಕೆ ಮೂರು ದಿನ ಮೊದಲು ಊರಿನಲ್ಲಿ ತೀರಿಕೊಂಡಿದ್ದಳು. ಸೈನಿಕರ ಜೊತೆ ಇನ್ವಾಲಿಡ್‌ನಲ್ಲಿ ಮಣ್ಣಾಗಬೇಕು ಅನ್ನೋ ಅವನ ಆಸೆ ಆಗ ನಡೆಯಲಿಲ್ಲ. 1992ರಲ್ಲಿ, ನೂರೈವತ್ತು ವರ್ಷದ ನಂತರ, ಅವನ ಅವಶೇಷಗಳನ್ನು ಅಲ್ಲಿಗೆ ಸಾಗಿಸಿದರು. ಇನ್ನೊಂದು ಸಲ ಬೇರೆಯವರ ಕೈಗಳ ಮೇಲೆ ಅವನ ಪ್ರಯಾಣ.

*

ಲಾರೆಗೆ ಕೊನೆಗೂ ಕೃತಜ್ಞತೆ ಸಿಕ್ಕಿತು. ಚಕ್ರವರ್ತಿಯಿಂದ ಸಿಕ್ಕಿತು, ಶತ್ರುವಿನಿಂದ ಸಿಕ್ಕಿತು, ಹೆಸರಿಲ್ಲದ ಸಿಪಾಯಿಗಳಿಂದ ಸಿಕ್ಕಿತು. ಎಮರ್ಜೆನ್ಸಿಯಲ್ಲಿ ಇವತ್ತು ಕೆಲಸ ಮಾಡುವವರಿಗೆ ಅದು ಸಿಗೋದು ಬಹಳ ಕಷ್ಟ. ಭಾರತದಲ್ಲಿ ತುರ್ತು ವೈದ್ಯಕೀಯವನ್ನು ಒಂದು ಪ್ರತ್ಯೇಕ ವಿಷಯ ಅಂತ ಮೆಡಿಕಲ್ ಕೌನ್ಸಿಲ್ ಒಪ್ಪಿಕೊಂಡಿದ್ದೇ 2009ರಲ್ಲಿ. ರೋಗಿ ಬರುವಾಗ ಎಷ್ಟೋ ಸಲ ಪ್ರಜ್ಞೆ ಇರೋದಿಲ್ಲ. ಜೀವ ನಿಂತಿತು ಅನ್ನುವಷ್ಟರಲ್ಲಿ ವಾರ್ಡಿಗೋ ಐಸಿಯುಗೋ ಹೋಗಿಬಿಡುತ್ತಾನೆ. ಡಿಸ್ಚಾರ್ಜ್ ದಿನ ಹಣ್ಣಿನ ಬುಟ್ಟಿ ಹೋಗೋದು ಮೇಲಿನ ಮಹಡಿಯ ದೊಡ್ಡ ಡಾಕ್ಟರಿಗೆ. ಕೆಳಗಡೆ ಮೊದಲ ಹತ್ತು ನಿಮಿಷ ಯಾರು ಇಸಿಜಿ ನೋಡಿದರು, ಯಾರು ಓಡಿದರು ಅಂತ ಮನೆಯವರಿಗೂ ಗೊತ್ತಿರೋದಿಲ್ಲ. ಆ ರೋಗಿ ಆಮೇಲೆ ಏನಾದ ಅಂತ ಅವರಿಗೂ ಗೊತ್ತಾಗೋದು ಅಪರೂಪ. ಅವರಿಗೆ ಧಾರಾಳವಾಗಿ ಸಿಗೋದು ಕಾಯುತ್ತಾ ಕೂತವರ ಬೈಗುಳ. ಅದನ್ನು ನಾನೂ ನನ್ನ ಕೈಲಾದಷ್ಟು ಕೊಟ್ಟು ಬಂದಿದ್ದೇನೆ.

ಈಗ ನನಗೆ ಅನ್ನಿಸೋದು ಇಷ್ಟು. ಆವತ್ತು ಅಪ್ಪ ಕಾದ ಆ ಒಂದೂಕಾಲು ಗಂಟೆ ನಮಗೆ ಆದ ಅನ್ಯಾಯ ಅಲ್ಲ, ನಾವು ಕೊಟ್ಟ ಕೈಗಡ. ಇವತ್ತು ಖಾಕಿ ಅಂಗಿಯವರಿಗಾಗಿ ನನ್ನಪ್ಪ ಕಾದರು. ನಾಳೆ ನನ್ನಪ್ಪನ ಎದೆ ಹಿಡಿದರೆ ಇನ್ಯಾರೋ ಕೈ ಮುರಿದವರು ಹೊರಗೆ ಹಲ್ಲು ಕಚ್ಚಿ ಕೂತಿರುತ್ತಾರೆ. ಆಗ ಅವರ ಮಗ ಬಂದು ಪರದೆ ಮುಂದೆ ಕಿರುಚದೇ ಇರಲಿ.

ಅಪ್ಪನ ಪ್ಲಾಸ್ಟರ್ ಬಿಚ್ಚಿಸೋಕೆ ಆರು ವಾರದ ಮೇಲೆ ಅದೇ ಆಸ್ಪತ್ರೆಗೆ ಹೋಗಿದ್ದೆವು. ಒಂದು ಕೆಜಿ ಧಾರವಾಡ ಪೇಡ ಕಟ್ಟಿಸಿಕೊಂಡು ಹೋಗಿದ್ದೆ. ಕ್ಷಮೆ ಕೇಳಬೇಕು ಅಂತ ಮಾತು ಜೋಡಿಸಿಕೊಂಡೂ ಹೋಗಿದ್ದೆ. ಎಮರ್ಜೆನ್ಸಿ ಬಾಗಿಲಲ್ಲಿ ಒಬ್ಬ ಸಿಸ್ಟರ್ ಸಿಕ್ಕರು. ಆವತ್ತಿನ ರಾತ್ರಿ ಡ್ಯೂಟಿ ಡಾಕ್ಟರ್, ತೆಳ್ಳಗೆ, ಕನ್ನಡಕ ಅಂತ ವರ್ಣಿಸಿದೆ.

"ಹೆಸರು?"

"ಗೊತ್ತಿಲ್ಲ."

"ಇಲ್ಲಿ ಎಲ್ಲರೂ ತೆಳ್ಳಗೇ ಇದ್ದಾರೆ ಸರ್" ಅಂತ ನಕ್ಕರು. ಬಹುಶಃ ಬೇರೆ ಡಿಪಾರ್ಟ್‌ಮೆಂಟಿಗೆ ಹೋಗಿರಬಹುದು, ರಾತ್ರಿ ಪಾಳಿಯಲ್ಲೂ ಇರಬಹುದು. ಚೀಟಿಯಲ್ಲಿ ಸಹಿ ಇತ್ತು. ಡಾಕ್ಟರ ಸಹಿ, ಅದನ್ನು ಓದೋಕೆ ಯಾರಿಂದ ಸಾಧ್ಯ ಹೇಳಿ. "ಎದೆನೋವು ಅಂತ ಬಂದಿದ್ರಲ್ಲ, ಖಾಕಿ ಅಂಗಿ, ಅವರು ಹುಷಾರಾದ್ರಾ?" ಅಂತ ಕೇಳಿದೆ. "ದಿನಕ್ಕೆ ಎಷ್ಟು ಜನ ಬರ್ತಾರೆ ಸರ್" ಅಂದರು.

ಪೇಡದ ಡಬ್ಬ ಕೈಯಲ್ಲೇ ಇತ್ತು. ಏನು ಮಾಡೋದು ಅಂತ ನಿಂತಿದ್ದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. ಸಿಸ್ಟರ್ ಡಬ್ಬ ತಗೊಂಡು ಮೇಜಿನ ಮೇಲಿಟ್ಟು, "ಯಾರಾದ್ರೂ ತಿಂತಾರೆ ಬಿಡಿ, ಎಲ್ಲರೂ ಒಂದೇ ಇಲ್ಲಿ" ಅನ್ನುತ್ತಾ ಒಳಗೆ ಓಡಿದರು.

ಅಪ್ಪ ಬೆಂಚಿನ ಮೇಲೆ ಕೂತು ಬಿಚ್ಚಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. "ಸಿಕ್ಕಿದ್ರಾ?" ಅಂದರು. ಇಲ್ಲ ಅಂದೆ.

"ಆವತ್ತು ಕೈ ಹಿಡಿದಾಗ ನೋವೇ ಆಗ್ಲಿಲ್ಲ ಕಣೋ" ಅಂದರು ಅಪ್ಪ.